ಶಿಲಾರೋಹಣದ ಪ್ಯಾಂಟು

ಶಿಲಾರೋಹಣದ ಪ್ಯಾಂಟು ಎಂಬುದು ಬಂಡೆ ಹತ್ತುವವರ ಚಲನೆಗೆ ಅಡ್ಡಿಯಾಗದಂತೆಯೂ ಕಲ್ಲಿನ ಉಜ್ಜಾಟವನ್ನು ತಾಳಿಕೊಳ್ಳುವಂತೆಯೂ ರೂಪಿಸಲಾದ ಉಡುಪು. ನಡೆಯಲು, ಕೂರಲು ಹೊಲಿದ ಸಾಮಾನ್ಯ ಪ್ಯಾಂಟು ಬಂಡೆಯ ಮೇಲೆ ಎರಡು ಬಗೆಯಲ್ಲಿ ಸೋಲುತ್ತದೆ. ಪಾದವನ್ನು ಸೊಂಟದೆತ್ತರಕ್ಕೆ ಎತ್ತಿದಾಗ ತೊಡೆಸಂದಿಯಲ್ಲಿ ಬಿಗಿದು ಹೊಲಿಗೆ ಬಿಚ್ಚುತ್ತದೆ. ಇಲ್ಲವೇ ಮೊಣಕಾಲು ಮತ್ತು ಆಸನಭಾಗದಲ್ಲಿ ಸವೆದು ತೂತು ಬೀಳುತ್ತದೆ. ಮೊದಲನೆಯದಕ್ಕೆ ಹಗುರವಾದ, ಹಿಗ್ಗುವ ಬಟ್ಟೆ ಪರಿಹಾರ. ಎರಡನೆಯದಕ್ಕೆ ದಪ್ಪನೆಯ, ಒತ್ತಾಗಿ ನೇಯ್ದ ಬಟ್ಟೆ. ಈ ಎರಡು ಬೇಡಿಕೆಗಳ ನಡುವಿನ ಎಳೆದಾಟವೇ ವಿನ್ಯಾಸದ ಕೇಂದ್ರ ಸಮಸ್ಯೆಯಾಗಿದೆ.

ಇತಿಹಾಸ

19ನೆಯ ಶತಮಾನದ ಆಲ್ಪ್ಸ್ ಆರೋಹಿಗಳಿಗೆ ಪ್ರತ್ಯೇಕ ಉಡುಪು ಇರಲಿಲ್ಲ. ಉಣ್ಣೆಯ ದಿನಬಳಕೆಯ ಬಟ್ಟೆಯಲ್ಲೇ ಅವರು ಹತ್ತುತ್ತಿದ್ದರು. ಮಹಿಳೆಯರ ಪಾಲಿಗೆ ಮಾತ್ರ ಇದು ಸಾಮಾಜಿಕ ಪ್ರಶ್ನೆಯೂ ಆಗಿತ್ತು. 1838ರಲ್ಲಿ ಮಾಂಟ್ ಬ್ಲಾಂಕ್ ಏರಿದ ಹೆನ್ರಿಯೆಟ್ ದಾಂಜೆವಿಲ್ ಉದ್ದನೆಯ ಮೇಲಂಗಿಯ ಒಳಗೆ ಷರಾಯಿ ತೊಟ್ಟಿದ್ದರು. 1907ರಲ್ಲಿ ಸ್ಥಾಪನೆಯಾದ ಲೇಡೀಸ್ ಆಲ್ಪೈನ್ ಕ್ಲಬ್ಬಿನ ಮೊದಲ ಅಧ್ಯಕ್ಷೆ ಲಿಜ್ಜಿ ಲಿ ಬ್ಲಾಂಡ್, ಊರಿನಿಂದ ದೂರವಾದ ಮೇಲೆ ಲಂಗವನ್ನು ಕಳಚಿಟ್ಟು ಒಳಗಿನ ಷರಾಯಿಯಲ್ಲಿ ಹತ್ತುತ್ತಿದ್ದರು. ಆ ಕಾಲದ ಲಂಗ ಕೇವಲ ಅನನುಕೂಲವಾಗಿರದೆ ಅಪಾಯಕಾರಿಯೂ ಆಗಿತ್ತು. ಅದು ಸಡಿಲ ಕಲ್ಲುಗಳನ್ನು ಕೆಳಕ್ಕೆ ಉರುಳಿಸುತ್ತಿತ್ತು, ಪಾದವಿಡುವ ಜಾಗವನ್ನು ಮರೆಮಾಡುತ್ತಿತ್ತು.

ಬಂಡೆಗೆಂದೇ ಉಡುಪು ಹೊಲಿಯುವ ಉದ್ಯಮ ಬೆಳೆದದ್ದು ಮುಖ್ಯವಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆರೋಹಣದ ಲೋಹದ ಸಲಕರಣೆಗಳನ್ನು ತಯಾರಿಸುತ್ತಿದ್ದ ಇವಾನ್ ಶ್ವಿನಾರ್ಡ್ ಇಂಗ್ಲೆಂಡಿನ ಲ್ಯಾಂಕಶೈರ್‌ನಿಂದ ಭಾರವಾದ ಕಾರ್ಡುರಾಯ್ ಬಟ್ಟೆ ತರಿಸಿ, ಆಸನಭಾಗಕ್ಕೆ ಎರಡು ಪದರವಿಟ್ಟು ಷರಾಯಿಗಳನ್ನು ಹೊಲಿಸಿದರು. ಅವರು 1973ರಲ್ಲಿ ಸ್ಥಾಪಿಸಿದ ಪ್ಯಾಟಗೋನಿಯಾ ಸಂಸ್ಥೆಯ ಆರಂಭದ ಚಡ್ಡಿಗಳ ಕ್ಯಾನ್ವಾಸ್ ಎಷ್ಟು ಬಿರುಸಾಗಿತ್ತೆಂದರೆ ಹೊಲಿದ ಚಡ್ಡಿ ಮೇಜಿನ ಮೇಲೆ ತಾನಾಗಿ ನಿಲ್ಲುತ್ತಿತ್ತು; 'ಸ್ಟ್ಯಾಂಡ್ ಅಪ್' ಎಂಬ ಹೆಸರು ಬಂದದ್ದು ಅದರಿಂದಲೇ. ಚಲನೆಯ ಸಮಸ್ಯೆಗೆ ಉತ್ತರ ಬಂದದ್ದು ಬೇರೆ ಕಡೆಯಿಂದ. ಯೊಸೆಮಿಟಿ ಕಣಿವೆಯ ಆರೋಹಿ ಮೈಕ್ ಗ್ರಹಾಂ 1982ರಲ್ಲಿ ಆರಂಭಿಸಿದ ಗ್ರಮಿಚಿ ಸಂಸ್ಥೆ, ತೊಡೆಸಂದಿಗೆ ಪ್ರತ್ಯೇಕ ತುಂಡು ಸೇರಿಸಿದ, ನಡುಪಟ್ಟಿಯಲ್ಲೇ ನೇಯ್ದ ಬೆಲ್ಟು ಇರುವ ಸಡಿಲ ಪ್ಯಾಂಟನ್ನು ಜನಪ್ರಿಯಗೊಳಿಸಿತು. 1980ರ ದಶಕದಲ್ಲಿ ಮೈಗಂಟುವ ಲೈಕ್ರಾ ಉಡುಪು ಶಿಲಾರೋಹಿಗಳ ಗುರುತೇ ಆಗಿತ್ತು. ಚಲನೆಗೆ ಅದು ಅತ್ಯುತ್ತಮ. ಒರಟು ಕಲ್ಲಿನೆದುರು ಮಾತ್ರ ನಿಲ್ಲಲಾರದು.

ವಿನ್ಯಾಸ

ಮೊಣಕಾಲನ್ನು ಪೂರ್ತಿ ಮಡಚಿದಾಗ ಅದರ ಮೇಲಿನ ಚರ್ಮ ಉದ್ದಕ್ಕೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಇದನ್ನು ಸರಿದೂಗಿಸಲು ಬಟ್ಟೆಗಿರುವ ದಾರಿಗಳು ಮೂರೇ: ಸಡಿಲವಾಗಿರುವುದು, ಚರ್ಮದ ಮೇಲೆ ಜಾರುವುದು ಅಥವಾ ತಾನೇ ಹಿಗ್ಗುವುದು. ಬೆವರಿದಾಗ ಹತ್ತಿಯ ಬಟ್ಟೆ ಕಾಲಿಗೆ ಅಂಟಿಕೊಂಡು ಎರಡನೆಯ ದಾರಿ ಮುಚ್ಚಿಹೋಗುತ್ತದೆ. ಒಣಗಿದ್ದಾಗ ಸರಿಹೊಂದುವ ಪ್ಯಾಂಟು ಬೇಸಿಗೆಯ ಮಧ್ಯಾಹ್ನ ಬಿಗಿಯೆನಿಸುವುದಕ್ಕೆ ಕಾರಣವಿದು.

ಸಾಮಾನ್ಯ ಪ್ಯಾಂಟಿನ ನಾಲ್ಕು ಹೊಲಿಗೆಗಳು ತೊಡೆಸಂದಿಯ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಕಾಲು ಅಗಲಿಸಿದಾಗ ಎಳೆತವೆಲ್ಲ ಆ ಬಿಂದುವಿಗೇ ಬೀಳುತ್ತದೆ. ಅಲ್ಲಿ ವಜ್ರಾಕೃತಿಯ ಬಟ್ಟೆಯ ತುಂಡನ್ನು, ಅಂದರೆ ಗಸೆಟ್ ಅನ್ನು ಸೇರಿಸಿದರೆ ಎಳೆತವು ಉದ್ದವಾದ ಅಂಚುಗಳಿಗೆ ಹಂಚಿಹೋಗುತ್ತದೆ. ಈ ಉಪಾಯ ಶಿಲಾರೋಹಣಕ್ಕಿಂತ ಬಹಳ ಹಳೆಯದು. ಉತ್ತರ ಭಾರತದ ದರ್ಜಿಗಳು ಪೈಜಾಮ, ಸಲ್ವಾರ್‌ಗಳಿಗೆ ಹೊಲಿಯುವ ಮಿಯಾನಿ ಇದೇ ಕೆಲಸವನ್ನು ಮಾಡುತ್ತದೆ. ಮೊಣಕಾಲಿನ ಬಳಿ ಚಿಕ್ಕ ಡಾರ್ಟ್‌ಗಳನ್ನು ಹಿಡಿದು, ಕೊಳವೆಯಂತಿರುವ ಕಾಲನ್ನು ಮೊದಲೇ ತುಸು ಬಾಗಿದ ಆಕಾರಕ್ಕೆ ತರಲಾಗುತ್ತದೆ.

ಹಾರ್ನೆಸ್ ಧರಿಸುವುದರಿಂದ ಇನ್ನಷ್ಟು ನಿರ್ಬಂಧಗಳು ಉಂಟಾಗುತ್ತವೆ. ಸೊಂಟದ ಪಟ್ಟಿಯ ಅಡಿಯಲ್ಲಿ ದಪ್ಪ ಬಕಲ್, ಲೋಹದ ರಿವೆಟ್ ಅಥವಾ ಹೊಲಿಗೆಯ ಗಂಟು ಇದ್ದರೆ ಹಗ್ಗದಲ್ಲಿ ನೇತಾಡುವಾಗ ಅದು ಮೈಗೆ ಒತ್ತುತ್ತದೆ. ಆದ್ದರಿಂದ ಚಪ್ಪಟೆಯಾದ ನಡುಪಟ್ಟಿ ಮತ್ತು ಲಾಡಿಗೆ ಆದ್ಯತೆಯಿದೆ. ಪಕ್ಕದ ಜೇಬುಗಳು ಹಾರ್ನೆಸ್‌ನ ಅಡಿಯಲ್ಲಿ ಸಿಕ್ಕಿಕೊಳ್ಳುವುದರಿಂದ ತೊಡೆಯ ಮೇಲೆ ಜೇಬಿಡುವುದುಂಟು. ಕಾಲಿನ ತುದಿ ಪಾದವನ್ನು ಮರೆಮಾಡಬಾರದು. ಹಿಡಿತವೆಲ್ಲ ಶೂವಿನ ತುದಿಯಲ್ಲಿರುವಾಗ ಆ ತುದಿಯೇ ಕಾಣದಿದ್ದರೆ ಹೆಜ್ಜೆ ತಪ್ಪುತ್ತದೆ. ಇದಕ್ಕಾಗಿ ತುದಿಯಲ್ಲಿ ಎಲಾಸ್ಟಿಕ್, ಲಾಡಿ ಅಥವಾ ಒತ್ತುಗುಂಡಿ ಇರುತ್ತದೆ.

ಬಟ್ಟೆ

ಹತ್ತಿಯ ಕ್ಯಾನ್ವಾಸ್ ಅಗ್ಗ, ಸದ್ದು ಮಾಡದು, ಒದ್ದೆಯಾದಾಗ ಅದರ ನೂಲಿನ ಬಲ ಹೆಚ್ಚುತ್ತದೆ. ಆದರೆ ಒಣಗಲು ಬಹಳ ಹೊತ್ತು ಬೇಕು. ಚದರ ಗಜಕ್ಕೆ 12 ಔನ್ಸ್ ತೂಗುವ ಕ್ಯಾನ್ವಾಸ್ ಎಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ. ಬಿಸಿಲಿನಲ್ಲಿ ತೊಡಲು ಇದು ಭಾರ. ನೈಲಾನ್ ಉಜ್ಜಾಟವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಆದರೆ ಅದು ಬಿಸಿಗೆ ಕರಗುವ ವಸ್ತುವಾದುದರಿಂದ ಓಡುವ ಹಗ್ಗ ತಾಗಿದಲ್ಲಿ ಹೊಳಪಿನ ಕಲೆ ಅಥವಾ ತೂತು ಬೀಳಬಹುದು. 1958ರಲ್ಲಿ ಡುಪಾಂಟ್ ಸಂಸ್ಥೆಯ ಜೋಸೆಫ್ ಶೈವರ್ಸ್ ರೂಪಿಸಿದ ಸ್ಪಾಂಡೆಕ್ಸ್ ನೂಲನ್ನು ಇವೆರಡರ ಜೊತೆಗೂ ಸಣ್ಣ ಪ್ರಮಾಣದಲ್ಲಿ ಬೆರೆಸಲಾಗುತ್ತದೆ. ಹಿಗ್ಗುವಿಕೆ ಬರುವುದು ಅದರಿಂದ. ಬಟ್ಟೆ ಕಾಲಕ್ರಮೇಣ ಜೋತುಬೀಳುವುದೂ ಬಹುಮಟ್ಟಿಗೆ ಅದರಿಂದಲೇ, ಏಕೆಂದರೆ ಬಿಸಿ ಮತ್ತು ಕ್ಲೋರಿನ್‌ಗೆ ಸ್ಪಾಂಡೆಕ್ಸ್ ಬೇಗ ಸೋಲುತ್ತದೆ.

ಪ್ರಯೋಗಾಲಯದ ಪರೀಕ್ಷೆ

ಹಾರ್ನೆಸ್‌ಗೆ ಯುರೋಪಿನಲ್ಲಿ ಇಎನ್ 12277 ಎಂಬ ಸುರಕ್ಷಾ ಮಾನದಂಡವಿದೆ. ಪ್ಯಾಂಟಿಗೆ ಅಂಥ ಪ್ರತ್ಯೇಕ ಮಾನದಂಡವಿಲ್ಲ. ಹೀಗಾಗಿ ತಯಾರಕರು ಸಾಮಾನ್ಯ ಜವಳಿ ಪರೀಕ್ಷೆಗಳನ್ನೇ ಅವಲಂಬಿಸುತ್ತಾರೆ. ಸವೆತಕ್ಕೆ ಐಎಸ್ಒ 12947ರಲ್ಲಿ ವಿವರಿಸಿದ ಮಾರ್ಟಿಂಡೇಲ್ ವಿಧಾನ ಪ್ರಸಿದ್ಧವಾದುದು. ಇದರಲ್ಲಿ ಬಟ್ಟೆಯ ದುಂಡನೆಯ ತುಂಡನ್ನು ಉಣ್ಣೆಯ ಬಟ್ಟೆಯ ಮೇಲೆ ನಿಗದಿತ ಒತ್ತಡದಲ್ಲಿ, ದಿಕ್ಕು ಬದಲಾಗುತ್ತಾ ಹೋಗುವ ವಕ್ರಪಥದಲ್ಲಿ ಉಜ್ಜಲಾಗುತ್ತದೆ. ಒತ್ತಡವು ಸಾಮಾನ್ಯ ಉಡುಪಿಗೆ 9 ಕಿಲೋಪ್ಯಾಸ್ಕಲ್, ಕೆಲಸದ ಉಡುಪಿಗೆ 12. ನೇಯ್ದ ಬಟ್ಟೆಯಲ್ಲಿ ಎರಡು ಎಳೆಗಳು ಪೂರ್ತಿ ತುಂಡಾದಾಗ ಪರೀಕ್ಷೆ ಮುಗಿಯುತ್ತದೆ. ಅಲ್ಲಿಯವರೆಗಿನ ಸುತ್ತುಗಳ ಸಂಖ್ಯೆಯೇ ಫಲಿತಾಂಶ.

ಜಾಹೀರಾತುಗಳಲ್ಲಿ ಕಾಣುವ ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು. ಒತ್ತಡ ಯಾವುದೆಂದು ಹೇಳದಿದ್ದರೆ ಎರಡು ಬಟ್ಟೆಗಳ ಹೋಲಿಕೆಗೆ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾಗಿ, ಉಣ್ಣೆ ಸವೆಸುತ್ತದೆ, ಗ್ರಾನೈಟ್ ಕೊಯ್ಯುತ್ತದೆ. ಪರೀಕ್ಷೆಯಲ್ಲಿ ಬಟ್ಟೆ ಚಪ್ಪಟೆಯಾಗಿ, ಬಿಗಿಯಿಲ್ಲದೆ ಇರುತ್ತದೆ. ಬಂಡೆಯ ಮೇಲೆ ಅದೇ ಬಟ್ಟೆ ಮೊಣಕಾಲಿನ ಮೂಳೆಯ ಮೇಲೆ ಎಳೆದು ನಿಂತಿರುತ್ತದೆ. ಕೆಲವು ತಯಾರಕರು ಉಣ್ಣೆಯ ಬದಲು ಮರಳುಕಾಗದವನ್ನು ಬಳಸುವುದು ಈ ಕೊರತೆಯನ್ನು ತುಂಬಲು. ಹರಿಯುವಿಕೆಗೆ ಐಎಸ್ಒ 13937, ಹೊಲಿಗೆಯ ಬಲಕ್ಕೆ ಐಎಸ್ಒ 13935, ಹಿಗ್ಗಿ ಮರಳುವ ಗುಣಕ್ಕೆ ಐಎಸ್ಒ 20932 ಬಳಕೆಯಲ್ಲಿವೆ. ಪದೇ ಪದೇ ಒಗೆದ ಮೇಲೆ ಇವನ್ನು ಮತ್ತೊಮ್ಮೆ ನಡೆಸದಿದ್ದರೆ ಹೊಸ ಪ್ಯಾಂಟಿನ ಗುಣ ಮಾತ್ರ ತಿಳಿಯುತ್ತದೆ.

ಬಂಡೆಯ ಮೇಲಿನ ಪರೀಕ್ಷೆ

ಪ್ರಯೋಗಾಲಯದಲ್ಲಿ ಕಾಣದ ದೋಷಗಳು ತೊಟ್ಟು ಹತ್ತಿದಾಗ ಹೊರಬೀಳುತ್ತವೆ. ಎಡಗಾಲಿಗೆ ಒಂದು ಬಟ್ಟೆ, ಬಲಗಾಲಿಗೆ ಇನ್ನೊಂದು ಬಟ್ಟೆ ಹೊಲಿದ ಮಾದರಿ ಇಲ್ಲಿ ಉಪಯುಕ್ತ. ಇಬ್ಬರು ಆರೋಹಿಗಳ ಶೈಲಿಯ ವ್ಯತ್ಯಾಸ ಫಲಿತಾಂಶವನ್ನು ಕೆಡಿಸುವುದಿಲ್ಲ. ಹಾಗಿದ್ದರೂ ಬಹುತೇಕರು ಒಂದು ಕಾಲನ್ನೇ ಹೆಚ್ಚು ಬಳಸುವುದರಿಂದ ಬಟ್ಟೆಗಳನ್ನು ಅದಲುಬದಲು ಮಾಡಿದ ಇನ್ನೊಂದು ಮಾದರಿಯೂ ಬೇಕಾಗುತ್ತದೆ.

ಬಂಡೆಯ ಸ್ವರೂಪವೂ ಮುಖ್ಯ. ಬೆನ್ನು ಮತ್ತು ಕಾಲುಗಳನ್ನು ಎದುರುಬದುರು ಗೋಡೆಗೆ ಒತ್ತಿ ಏರುವ ಅಗಲವಾದ ಬಿರುಕುಗಳಲ್ಲಿ ಆಸನಭಾಗ ಮೊದಲು ಸವೆಯುತ್ತದೆ. ಕಡಿದಾದ ಗೋಡೆಗಳಲ್ಲಿ ಬಟ್ಟೆ ಕಲ್ಲಿಗೆ ತಾಗುವುದೇ ಕಡಿಮೆ. ಕರ್ನಾಟಕದಲ್ಲೇ ಈ ವ್ಯತ್ಯಾಸವನ್ನು ಕಾಣಬಹುದು. ಹಂಪಿಯ ಗ್ರಾನೈಟ್ ಗುಂಡುಗಳ ಮೇಲ್ಮೈಯ ಹರಳುಗಳು ಚೂಪಾಗಿದ್ದು, ಗುಂಡಿನ ನೆತ್ತಿಯನ್ನು ಮೊಣಕಾಲೂರಿ ಏರುವಾಗ ಬಟ್ಟೆಯನ್ನು ಕೀಳುತ್ತವೆ. ಬಾದಾಮಿಯ ಮರಳುಗಲ್ಲಿನ ನೇರ ಗೋಡೆಗಳಲ್ಲಿ ಹಾರ್ನೆಸ್‌ನೊಡನೆ ಹೊಂದಾಣಿಕೆ, ಬೆವರು ಆರುವಿಕೆಗಳೇ ಹೆಚ್ಚು ಗಮನಕ್ಕೆ ಬರುತ್ತವೆ.

ದುರಸ್ತಿ

ಮೊಣಕಾಲಿನ ತೇಪೆಯನ್ನು ಬಟ್ಟೆ ತೂತಾಗುವ ಮೊದಲೇ, ಎಳೆಗಳು ತೆಳುವಾದಾಗ ಒಳಭಾಗದಿಂದ ಹಾಕುವುದು ಉತ್ತಮ. ಹಿಗ್ಗುವ ಬಟ್ಟೆಗೆ ಹಿಗ್ಗದ ತೇಪೆ ಹಾಕಿದರೆ ಅದರ ಅಂಚಿನಲ್ಲೇ ಹೊಸ ಹರಿತ ಆರಂಭವಾಗುತ್ತದೆ. ಗಸೆಟ್‌ನ ಹೊಲಿಗೆ ಬಿಚ್ಚಿದರೆ ಮೊದಲು ಬಟ್ಟೆಯನ್ನು ಪರೀಕ್ಷಿಸಬೇಕು: ನೂಲು ಮಾತ್ರ ತುಂಡಾಗಿದ್ದರೆ ಮರುಹೊಲಿಗೆ ಸಾಕು, ಬಟ್ಟೆಯ ಎಳೆಗಳೇ ಸರಿದು ಅಂಚು ಬಾಯಿಬಿಟ್ಟಿದ್ದರೆ ಅಗಲವಾದ ಹೊಸ ತುಂಡನ್ನು ಕೂರಿಸಬೇಕಾಗುತ್ತದೆ.