ಮೊಡವೆಗೆ ಜೀವಸತ್ವದ ಮಾತ್ರೆ ಮದ್ದೇ?

ನೌಬಾದದಿಂದ ಭಾಲ್ಕಿ, ಔರಾದದ ಹಳ್ಳಿಗಳವರೆಗೆ ಹರೆಯಕ್ಕೆ ಬಂದ ಮಕ್ಕಳ ಮುಖದ ಮೇಲೆ ಮೊಡವೆ ಕಾಣುವುದು ಸಾಮಾನ್ಯ. ಆದರೆ ಮಗಳ ಲಗ್ನ ಗೊತ್ತಾದ ಮನೆಯಲ್ಲಿ ಇದೇ ದೊಡ್ಡ ಚಿಂತೆಯಾಗುವುದುಂಟು. ಮೈಯಲ್ಲಿ ಜೀವಸತ್ವ ಕಡಿಮೆಯಾಗಿದೆ ಎಂದು ತಿಳಿದು, ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗಿಸುವವರೂ ಇದ್ದಾರೆ. ಇದರಲ್ಲಿ ಉಪಯೋಗ ಎಷ್ಟು, ಅಪಾಯ ಎಷ್ಟು ಎಂಬುದನ್ನು ರೈತ ಬಂಧುಗಳು ತಿಳಿದಿರಬೇಕು.

ಮೊಡವೆ ಏಕೆ ಏಳುತ್ತದೆ?

ಮುಖದ ಚರ್ಮದಲ್ಲಿ ಕೂದಲಿನ ಬುಡಕ್ಕೆ ಹೊಂದಿ ಜಿಡ್ಡು ಸುರಿಸುವ ಸಣ್ಣ ಗ್ರಂಥಿಗಳಿವೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಜಿಡ್ಡು ಹೆಚ್ಚುತ್ತದೆ. ಸತ್ತ ಚರ್ಮದ ಕಣಗಳು ಸೇರಿ ರಂಧ್ರದ ಬಾಯಿ ಕಟ್ಟುತ್ತದೆ. ಕಾಲುವೆಗೆ ಕಸ ಕಟ್ಟಿದಾಗ ನೀರು ನಿಲ್ಲುವಂತೆ ಜಿಡ್ಡು ಒಳಗೇ ನಿಲ್ಲುತ್ತದೆ. ಅಲ್ಲಿ ರೋಗಾಣುಗಳು ಬೆಳೆದು ಬಾವು, ಕೀವು ಆಗುತ್ತವೆ. ಆದುದರಿಂದ ಸಾಮಾನ್ಯವಾಗಿ ಮೊಡವೆಗೆ ಜೀವಸತ್ವದ ಕೊರತೆ ಕಾರಣವಲ್ಲ.

‘ಎ’ ಜೀವಸತ್ವ ಮತ್ತು ಅದರ ಬಳಗ

‘ಎ’ ಜೀವಸತ್ವವು ಕಣ್ಣಿಗೂ ಚರ್ಮಕ್ಕೂ ಬೇಕು. ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿಗಳಲ್ಲಿ ಅದರ ಮೂಲವಸ್ತು ಇದೆ. ದೇಹವು ತನಗೆ ಬೇಕಾದಷ್ಟನ್ನೇ ಅದರಿಂದ ಮಾಡಿಕೊಳ್ಳುವುದರಿಂದ ಸೊಪ್ಪು ತಿಂದು ಅಪಾಯವಾಗದು. ಮಾತ್ರೆಯ ಮಾತು ಬೇರೆ. ಹೆಚ್ಚು ಪ್ರಮಾಣದಲ್ಲಿ ನುಂಗಿದ ‘ಎ’ ಜೀವಸತ್ವವು ಯಕೃತ್ತಿನಲ್ಲಿ ಕೂಡಿಕೊಂಡು ವಿಷವಾಗಬಲ್ಲದು.

ಈ ಜೀವಸತ್ವದ ಬಳಗಕ್ಕೆ ಸೇರಿದ ಔಷಧಗಳು ಮೊಡವೆಗೆ ನಿಜವಾಗಿಯೂ ಗುಣ ಕೊಡುತ್ತವೆ. ಟ್ರೆಟಿನಾಯಿನ್, ಅಡಾಪಲೀನ್ ಹಚ್ಚುವ ಮುಲಾಮುಗಳು. ಐಸೊಟ್ರೆಟಿನಾಯಿನ್ ನುಂಗುವ ಔಷಧ. ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆದ ಇದು, ಕಲೆ ಬೀಳಿಸುವ ಗಂಟುಮೊಡವೆಗೆ ಬಲವಾದ ಮದ್ದು. ಆದರೆ ಗರ್ಭಿಣಿಯು ಇದನ್ನು ನುಂಗಿದರೆ ಮಗುವಿನ ಮಿದುಳು, ಹೃದಯ, ಮುಖಗಳು ವಿಕಾರವಾಗಬಹುದು. ಔಷಧ ನಡೆಯುವಾಗಲೂ, ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು. ಲಗ್ನಕ್ಕೆ ಮುಂಚೆ ಮಗಳಿಗೆ ಈ ಮಾತ್ರೆ ತರಿಸುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಕೂಡದು.

ತಾಕತ್ತಿನ ಸೂಜಿ

ಸುಸ್ತಾದರೆ ಬಿ-12 ಸೂಜಿ ಹಾಕಿಸಿಕೊಳ್ಳುವ ರೂಢಿ ಅನೇಕರಲ್ಲಿದೆ. ಬಿ-12 ಹೆಚ್ಚಾದರೆ ಕೆಲವರಿಗೆ ಮೊಡವೆಯಂಥ ಗುಳ್ಳೆ ಏಳುತ್ತವೆ. ಅದು ಚರ್ಮದ ರೋಗಾಣುವಿನ ನಡತೆಯನ್ನೇ ಬದಲಿಸುತ್ತದೆಂದು 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕೊರತೆ ಇದ್ದವರಿಗೆ ಈ ಸೂಜಿ ಅವಶ್ಯ. ಅಂಥವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮಾಡಬೇಕಾದದ್ದು

1. ದಿನಕ್ಕೆ ಎರಡು ಸಲ, ಮತ್ತು ಹೊಲದಿಂದ ಬೆವೆತು ಬಂದಾಗ, ಮೃದುವಾದ ಸಾಬೂನಿನಿಂದ ಮುಖ ತೊಳೆಯಿರಿ. ಉಜ್ಜಬೇಡಿರಿ.

2. ಮೊಡವೆ ಹಿಸುಕಬೇಡಿರಿ. ಕಲೆ ಉಳಿಯುತ್ತದೆ.

3. ಸುಣ್ಣ, ಸೋಡಾ, ಹಲ್ಲಿನ ಪೇಸ್ಟು ಹಚ್ಚಬೇಡಿರಿ. ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಗುಣವಾದಂತೆ ಕಂಡರೂ ಅವುಗಳಿಂದ ಮೊಡವೆ ಹೆಚ್ಚುತ್ತದೆ, ಚರ್ಮ ತೆಳುವಾಗುತ್ತದೆ.

4. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ ಬಿಡಬೇಡಿರಿ. ಸಿಹಿತಿಂಡಿ, ಬಾಟಲಿಯ ತಂಪುಪಾನೀಯ ಕಡಿಮೆ ಮಾಡಿರಿ.

5. ಗಂಟು, ನೋವು, ಕಲೆ ಕಂಡರೆ ತಡಮಾಡದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅವಶ್ಯವಿದ್ದರೆ ಬೀದರದ ಬ್ರಿಮ್ಸ್ ಆಸ್ಪತ್ರೆಯ ಚರ್ಮರೋಗ ವೈದ್ಯರಿಗೆ ತೋರಿಸಿರಿ. ಮದ್ದಿನ ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ನಡುವೆ ಬಿಡಬಾರದು.

ಪೈರಿಗೆ ಮದ್ದು ಹೊಡೆಯುವ ಮೊದಲು ರೋಗ ಯಾವುದೆಂದು ನಾವು ಕೇಳಿ ತಿಳಿಯುತ್ತೇವೆ. ಮಕ್ಕಳ ಮೈಗೆ ಮದ್ದು ಕೊಡುವ ಮೊದಲೂ ಅಷ್ಟು ವಿಚಾರಿಸೋಣ.