ದ್ರಾಕ್ಷಿಗೆ ಕನ್ನವಿಕ್ಕುವ ಕಡಜ

ಮಾಗಿದ ದ್ರಾಕ್ಷಿಯ ಗೊಂಚಲಿನಲ್ಲಿ ತಿರುಳೆಲ್ಲ ಬರಿದಾಗಿ ಸಿಪ್ಪೆ ಮಾತ್ರ ಉಳಿದ ಹಣ್ಣೊಂದನ್ನೂ, ಅದರೊಳಗೆ ತಲೆ ಹುದುಗಿಸಿದ ಪಟ್ಟೆಮೈಯ ಕಡಜವನ್ನೂ ನೋಡಿರಿ. ಮರದ ನಾರನ್ನು ಕೆರೆದು, ಜೊಲ್ಲಿನೊಡನೆ ಅಗಿದು, ಕಾಗದದಂತಹ ಗೂಡನ್ನು ಕಟ್ಟುವ ಈ ಯೂರೋಪಿನ ಕೀಟವು, ಸುಮಾರು 1980ರ ವೇಳೆಗೆ ಅಮೆರಿಕದ ಬಾಸ್ಟನ್ ಪರಿಸರದಲ್ಲಿ ಕಾಣಿಸಿಕೊಂಡು, 2001ರಲ್ಲಿ ಕೊಲೊರಾಡೋ ಸಂಸ್ಥಾನವನ್ನು ಮುಟ್ಟಿ, ಅಲ್ಲಿಯ ಚೆರ್ರಿ, ದ್ರಾಕ್ಷಿಗಳಿಗೆ ಪೀಡೆಯಾಯಿತು. ಮರಿಗಳಿಗೆ ಕಂಬಳಿಹುಳುಗಳ ಮಾಂಸವನ್ನು ಉಣಿಸಿ ಬೆಳೆಗಾರನಿಗೆ ಉಪಕರಿಸುವ ಜೀವಿಯೇ, ಹಣ್ಣು ಮಾಗಿದೊಡನೆ ಸಿಹಿರಸಕ್ಕೆ ಮನಸೋತು, ಕೊಯ್ಲಿನವರ ಕೈಯನ್ನೂ ಕುಟುಕುವುದು ವಿಪರ್ಯಾಸವೇ ಸರಿ. ಇತರ ಕಡಜಗಳನ್ನು ಸೆಳೆಯುವ ಬೋನಿನ ವಾಸನೆಗೆ ಇದು ಮರುಳಾಗದು. ಆದುದರಿಂದ ಬೇಸಗೆಯ ಆದಿಯಲ್ಲೇ ಸೂರಿನಡಿ, ಟೊಳ್ಳು ಕೊಳವೆಗಳಲ್ಲಿ ಅಡಗಿದ ಎಳೆಯ ಗೂಡುಗಳನ್ನು ತೆಗೆದು, ಆ ರಂಧ್ರಗಳನ್ನು ಮುಚ್ಚಿ, ಒಡೆದ ಹಣ್ಣುಗಳನ್ನು ಆಗಿಂದಾಗ್ಗೆ ಆರಿಸಿ ತೆಗೆಯುವುದೇ ಉಪಾಯ.