ಬಿಬಿಎ ಓದಿದ್ರೆ ಮುಂದೇನು? ಫೀಸು ಕಟ್ಟೋ ಮೊದಲು ಮನೆಯವರು ತಿಳಿಯಬೇಕಾದ ಸಂಗತಿಗಳು

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಪೇಟೆ ಬೀದಿಯಲ್ಲಿ ಒಂದೇ ಪ್ರಶ್ನೆ: "ಮಗನ್ನ ಏನಕ್ಕೆ ಹಾಕ್ತೀರಿ?" ಸೈನ್ಸ್ ಮಕ್ಕಳಿಗೆ ಸಿಇಟಿ, ನೀಟ್ ಅಂತ ಗೊತ್ತಿರುವ ದಾರಿ ಇದೆ. ಕಾಮರ್ಸ್, ಆರ್ಟ್ಸ್ ಓದಿದವರ ಮನೆಯಲ್ಲೇ ಗೊಂದಲ ಜಾಸ್ತಿ. ಅಪ್ಪನಿಗೆ ಬಿಕಾಂ ಸಾಕು ಅನಿಸುತ್ತೆ. ಮಗಳಿಗೆ ಗೆಳತಿಯರ ಜೊತೆ ಬಿಬಿಎ ಬೇಕು. "ಬಿಬಿಎ ಮಾಡಿದ್ರೆ ಮ್ಯಾನೇಜರ್ ಆಗ್ತಾರಂತೆ" ಅಂತ ಅಮ್ಮ. ಪಕ್ಕದ ಅಂಗಡಿಯವರು ಮಾತ್ರ, "ಏಳನೇ ಕ್ಲಾಸ್ ಓದಿ ನಾನು ಮೂವತ್ತು ವರ್ಷ ವ್ಯಾಪಾರ ಮಾಡ್ಲಿಲ್ವಾ? ಅದಕ್ಕೂ ಡಿಗ್ರಿ ಬೇಕಾ ಸ್ವಾಮಿ?" ಅಂತಾರೆ.

ಎಲ್ಲರ ಮಾತಲ್ಲೂ ಒಂದಿಷ್ಟು ನಿಜ ಇದೆ. ಆದರೆ ಮೂರು ವರ್ಷದ ಸಮಯ, ಬಸ್ ಚಾರ್ಜು, ಹಾಸ್ಟೆಲ್ಲು, ಫೀಸು ಎಲ್ಲ ಸೇರಿದರೆ ಅದು ಸಣ್ಣ ಬಂಡವಾಳ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರ ಕಡೆಯ ಮನೆಗಳಿಗೆ ಬಿಬಿಎ ಏನು ಕೊಡುತ್ತೆ, ಏನು ಕೊಡಲ್ಲ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಬಿಬಿಎ ಅಂದ್ರೆ ಏನು?

ವ್ಯವಹಾರ ನಿರ್ವಹಣೆಯ ಪದವಿ. ಹಿಂದೆ ನಮ್ಮ ಕಾಲೇಜುಗಳಲ್ಲಿ ಬಿಬಿಎಂ ಅಂತ ಇದ್ದದ್ದೇ ಈಗ ಬಿಬಿಎ. ಪಿಯುಸಿಯಲ್ಲಿ ಕಾಮರ್ಸ್ ಓದಿರಲೇಬೇಕು ಅಂತಿಲ್ಲ. ಆರ್ಟ್ಸ್, ಸೈನ್ಸ್ ಮಕ್ಕಳೂ ಸೇರುತ್ತಾರೆ. ನಡುವೆ ಡಿಗ್ರಿ ನಾಲ್ಕು ವರ್ಷವೋ ಮೂರು ವರ್ಷವೋ ಅನ್ನೋ ಗೊಂದಲ ಇತ್ತು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಜಾರಿಯಲ್ಲಿದೆ. ಅದೇ ವರ್ಷದಿಂದ ಬಿಬಿಎ, ಬಿಸಿಎ ಕೋರ್ಸುಗಳು ಇಂಜಿನಿಯರಿಂಗ್, ಎಂಬಿಎ ಹಾಗೆಯೇ ಎಐಸಿಟಿಇ ವ್ಯಾಪ್ತಿಗೂ ಬಂದಿವೆ. ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಯೋಜನೆ ಇರುತ್ತದೆ.

ಬಿಕಾಂಗೂ ಇದಕ್ಕೂ ಏನು ವ್ಯತ್ಯಾಸ? ಬಿಕಾಂನಲ್ಲಿ ಲೆಕ್ಕಪತ್ರ, ತೆರಿಗೆ, ಆಡಿಟ್ ಹೆಚ್ಚು ಆಳವಾಗಿ ಬರುತ್ತೆ. ಬಿಬಿಎಯಲ್ಲಿ ಲೆಕ್ಕ ಇದೆ, ಆದರೆ ಅದರ ಜೊತೆಗೆ ಮಾರ್ಕೆಟಿಂಗ್, ಸಿಬ್ಬಂದಿ ನಿರ್ವಹಣೆ, ವ್ಯಾಪಾರ ಕಾನೂನು, ಅಂಕಿಅಂಶ, ಹೊಸ ಉದ್ಯಮ ಕಟ್ಟುವುದು ಇವೂ ಇರುತ್ತವೆ. ಸಿಎ ಮಾಡಬೇಕು, ತೆರಿಗೆ ಕೆಲಸಕ್ಕೇ ಹೋಗಬೇಕು ಅಂತ ಗಟ್ಟಿ ಮನಸ್ಸು ಇದ್ದವರಿಗೆ ಬಿಕಾಂ ಹತ್ತಿರದ ದಾರಿ. ಜನರ ಜೊತೆ ಬೆರೆಯುವ, ಮಾರುವ, ನಡೆಸುವ ಕೆಲಸ ಇಷ್ಟ ಅನ್ನುವವರಿಗೆ ಬಿಬಿಎ ಒಗ್ಗುತ್ತೆ.

ಅಂಗಡಿ ಲೆಕ್ಕದಲ್ಲೇ ನೋಡಿ

ಪುಸ್ತಕದ ಮಾತು ಬಿಡಿ. ಒಂದು ಕಿರಾಣಿ ಅಂಗಡಿ ಇದೆ ಅಂದುಕೊಳ್ಳಿ. ಬಾಡಿಗೆ 8,000, ಕರೆಂಟು 2,000, ಹುಡುಗನ ಸಂಬಳ 12,000. ಅಂದರೆ ವ್ಯಾಪಾರ ಆಗಲಿ ಬಿಡಲಿ ತಿಂಗಳಿಗೆ 22,000 ಖರ್ಚು. ಮಾರಿದ ಸರಕಿನಲ್ಲಿ ಸರಾಸರಿ ನೂರಕ್ಕೆ 11 ರೂಪಾಯಿ ಉಳಿಯುತ್ತೆ ಅಂದರೆ, ಈ ಖರ್ಚು ಹುಟ್ಟಬೇಕಾದರೆ ತಿಂಗಳಿಗೆ 2 ಲಕ್ಷ ರೂಪಾಯಿ ವ್ಯಾಪಾರ ಆಗಬೇಕು. ದಿನಕ್ಕೆ ಸುಮಾರು 6,700. ಅದರ ಮೇಲೆ ಆದದ್ದರಲ್ಲಿ ಮಾತ್ರ ಮನೆಗೆ ಲಾಭ. ಬಿಬಿಎಯಲ್ಲಿ ಇದನ್ನು ಬ್ರೇಕ್ ಈವನ್ ಅಂತ ಕಲಿಸುತ್ತಾರೆ.

ಇನ್ನೊಂದು ಉದ್ರಿ. ಪುಸ್ತಕದಲ್ಲಿ 80,000 ಉದ್ರಿ ನಿಂತಿದೆ, ಅಷ್ಟೇ ಹಣವನ್ನ ನೀವು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದು ಸರಕು ಹಾಕಿದ್ದೀರಿ ಅಂದರೆ ತಿಂಗಳಿಗೆ 1,600 ರೂಪಾಯಿ ಸುಮ್ಮನೆ ಹೋಯ್ತು. ಗಿರಾಕಿ ಮುಖ ನೋಡಿ ಕೊಟ್ಟ ಉದ್ರಿಗೆ ಬಡ್ಡಿ ಕಟ್ಟುತ್ತಿರುವವರು ನೀವು. ಇದಕ್ಕೆ ಕಾಲೇಜಿನ ಹೆಸರು ದುಡಿಯುವ ಬಂಡವಾಳದ ನಿರ್ವಹಣೆ. ಅಡಿಕೆ ಮಂಡಿಯವರಿಗೂ ಇದೇ ಲೆಕ್ಕ. ರೇಟು ಏರುತ್ತೆ ಅಂತ ರಾಶಿ ಅಡಿಕೆ ಇಟ್ಟುಕೊಂಡು ಕೂತ ತಿಂಗಳುಗಳಿಗೆ ಬಡ್ಡಿ ಎಷ್ಟು, ಒಣಗಿ ಕಡಿಮೆಯಾದ ತೂಕ ಎಷ್ಟು, ಏರಿದ ರೇಟು ಎಷ್ಟು ಅಂತ ಮೂರನ್ನೂ ಒಟ್ಟಿಗೆ ಹಾಕಿ ನೋಡಬೇಕು.

ಹಳೆಯ ವ್ಯಾಪಾರಸ್ಥರಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಅವರು ಬಾಯಿಲೆಕ್ಕದಲ್ಲೇ ಮಾಡುತ್ತಾರೆ. ಆದರೆ ಈಗ ಬಾಯಿಲೆಕ್ಕ ಸಾಲದು. 2025ರ ಜುಲೈನಲ್ಲಿ ಯುಪಿಐ ವ್ಯವಹಾರದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನಲ್ಲಿ ಕೆಲವರು ಕ್ಯುಆರ್ ಕೋಡ್ ಸ್ಟಿಕ್ಕರನ್ನೇ ಕಿತ್ತು ಹಾಕಿದ್ದು ಎಲ್ಲರಿಗೂ ನೆನಪಿದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಅಂದರೆ ದೊಡ್ಡದು ಅನಿಸಬಹುದು. ಭಾಗಿಸಿ ನೋಡಿ, ದಿನಕ್ಕೆ 11,000 ರೂಪಾಯಿ ವ್ಯಾಪಾರ, ಅಷ್ಟೇ. ಅದು ಲಾಭ ಅಲ್ಲ, ಗಲ್ಲಾಪೆಟ್ಟಿಗೆಗೆ ಬಂದ ಒಟ್ಟು ಹಣ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ. ಆದರೆ ಯಾವುದು ಎಷ್ಟು ಮಾರಿದೆ ಅಂತ ತೋರಿಸಲು ಪುಸ್ತಕ ಇರಬೇಕಲ್ಲ? ಒಂದೂವರೆ ಕೋಟಿವರೆಗಿನ ವಹಿವಾಟಿಗೆ ನೂರಕ್ಕೆ ಒಂದು ರೂಪಾಯಿ ಕಟ್ಟುವ ಕಾಂಪೊಸಿಷನ್ ಪದ್ಧತಿಯೂ ಇದೆ. ಇದನ್ನು ಓದಿ, ಅಪ್ಪನಿಗೆ ಬಿಡಿಸಿ ಹೇಳಿ, ದಿನಾ ಸಂಜೆ ಲೆಕ್ಕ ಕೂರಿಸುವ ಮಗಳೋ ಮಗನೋ ಮನೆಯಲ್ಲಿದ್ದರೆ ಆ ಡಿಗ್ರಿಗೆ ಅಲ್ಲೇ ಬೆಲೆ ಬಂತು.

ಓದಿದ ಮೇಲೆ ಮೂರು ದಾರಿ

ಮೊದಲನೇದು ಪರೀಕ್ಷೆ ದಾರಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು ಇವಕ್ಕೆಲ್ಲ ಯಾವುದೇ ಪದವಿ ಸಾಕು, ಬಿಬಿಎ ಕೂಡ ನಡೆಯುತ್ತೆ. ಬ್ಯಾಂಕ್ ಪಿಒ ಹುದ್ದೆಗೆ ಐಬಿಪಿಎಸ್ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ 20ರಿಂದ 30 ವರ್ಷ ವಯಸ್ಸು. ನಮ್ಮ ಕಡೆಯ ಮಕ್ಕಳು ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನ ಮರೆಯಬಾರದು. ಸ್ಥಳೀಯ ಭಾಷೆ ಬರಬೇಕು ಅನ್ನೋ ನಿಯಮ ಇದೆ, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿ ಕೇಂದ್ರವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದೇ ಆಗಿದೆ. ಆದರೆ ಒಂದು ಮಾತು: ಈ ಪರೀಕ್ಷೆಗಳಲ್ಲಿ ಕೇಳುವುದು ಬಿಬಿಎ ಪಾಠ ಅಲ್ಲ. ಗಣಿತ, ತರ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ. ಡಿಗ್ರಿ ಅರ್ಜಿ ಹಾಕುವ ಅರ್ಹತೆ ಕೊಡುತ್ತೆ, ತಯಾರಿ ಬೇರೆಯಾಗೇ ಆಗಬೇಕು. ಎರಡನೇ ವರ್ಷದಲ್ಲೇ ಶುರು ಮಾಡಿದವರಿಗೆ ಲಾಭ.

ಎರಡನೇದು ಖಾಸಗಿ ಕೆಲಸ. ಬಿಬಿಎ ಮುಗಿಸಿದ ತಕ್ಷಣ ಯಾರೂ ಮ್ಯಾನೇಜರ್ ಕುರ್ಚಿ ಕೊಡಲ್ಲ. ವಾಹನ ಶೋರೂಮಿನಲ್ಲಿ ಸೇಲ್ಸ್, ಫೈನಾನ್ಸ್ ಕಂಪನಿಯಲ್ಲಿ ಸಾಲ ವಸೂಲಿಯ ಫೀಲ್ಡ್ ಕೆಲಸ, ವಿಮೆ, ಆಸ್ಪತ್ರೆಯ ಫ್ರಂಟ್ ಆಫೀಸ್, ಡಿಸ್ಟ್ರಿಬ್ಯೂಟರ್ ಹತ್ತಿರ ಲೈನ್ ಸೇಲ್ಸ್, ಬೆಂಗಳೂರಿನಲ್ಲಾದರೆ ಕಂಪನಿಯ ಲೆಕ್ಕ ವಿಭಾಗ, ನೇಮಕಾತಿ, ಗ್ರಾಹಕ ಸೇವೆ. ಶುರುವಿನ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸೋಕೆ ಹೆಚ್ಚು ಉಳಿಯಲ್ಲ ಅನ್ನೋದನ್ನ ಮನೆಯವರು ಮೊದಲೇ ಅರ್ಥ ಮಾಡಿಕೊಳ್ಳಬೇಕು. ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡಿಗಿಂತ ಹೆಚ್ಚು ನೋಡುವುದು ಮೂರು: ಎಕ್ಸೆಲ್ ಬರುತ್ತಾ, ಟ್ಯಾಲಿ ಬರುತ್ತಾ, ಹೆದರದೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡ್ತೀಯಾ. ಈ ಮೂರನ್ನು ಕಾಲೇಜಿನ ಭರವಸೆಗೆ ಬಿಡದೆ ರಜೆಯಲ್ಲಿ ಕಲಿಯುವುದೇ ಒಳ್ಳೆಯದು.

ಕೆಲಸ ಸಿಗದಿದ್ದರೆ? ಯುವನಿಧಿ ಇದೆ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಸಿಕ್ಕ ಯೋಜನೆ. ಪದವಿ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಸಿಗಲ್ಲ. ಅದು ಬಸ್ ಚಾರ್ಜು, ಪರೀಕ್ಷಾ ಶುಲ್ಕಕ್ಕೆ ಆಸರೆ, ಬದುಕಿಗೆ ದಾರಿ ಅಲ್ಲ.

ಮೂರನೇದು ಸ್ವಂತ ವ್ಯಾಪಾರ. ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚು ಜನ ಮಾತಾಡದ, ಆದರೆ ಬಿಬಿಎ ನೇರವಾಗಿ ಉಪಯೋಗಕ್ಕೆ ಬರುವ ದಾರಿ ಇದು. ಮುದ್ರಾ ಸಾಲದಲ್ಲಿ ಶಿಶು 50,000ವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಹಳೆ ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶ ಇದೆ. ಹೊಸ ಘಟಕಕ್ಕೆ ಪಿಎಂಇಜಿಪಿ ಯೋಜನೆಯ ನಿಯಮದಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ. 35 ಸಬ್ಸಿಡಿ. ಅರ್ಜಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ. ಇವೆಲ್ಲಕ್ಕೂ ಬ್ಯಾಂಕಿನವರು ಕೇಳುವುದು ಪ್ರಾಜೆಕ್ಟ್ ರಿಪೋರ್ಟ್. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿದ ರಿಪೋರ್ಟಿನ ಅಂಕಿ ಬಗ್ಗೆ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತೆ. ತಾನೇ ಬರೆದವನು ಉತ್ತರ ಕೊಡ್ತಾನೆ.

ಎಂಬಿಎ ತಕ್ಷಣ ಬೇಕಾ?

ರಾಜ್ಯದಲ್ಲಿ ಎಂಬಿಎ ಸರ್ಕಾರಿ ಕೋಟಾದ ಸೀಟಿಗೆ ಕೆಇಎ ನಡೆಸುವ ಪಿಜಿಸಿಇಟಿ ಬರೆಯಬೇಕು. ಪದವಿಯಲ್ಲಿ ಶೇ. 50 ಅಂಕ, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ ಶೇ. 45. ಐಐಎಂಗಳಿಗಾದರೆ ಕ್ಯಾಟ್. ಕುವೆಂಪು ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವ ಮೊದಲು ಮಾತ್ರ ಎರಡು ಸಲ ಯೋಚಿಸಿ. ಶೈಕ್ಷಣಿಕ ಸಾಲ 7.5 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಸಿಗುತ್ತೆ ನಿಜ, ಆದರೆ ಓದುವ ಕಾಲಕ್ಕೂ ಬಡ್ಡಿ ಬೆಳೆಯುತ್ತಲೇ ಇರುತ್ತೆ. ಒಂದೆರಡು ವರ್ಷ ಕೆಲಸ ಮಾಡಿ, ತನಗೆ ಮಾರ್ಕೆಟಿಂಗ್ ಸರಿಯೋ ಫೈನಾನ್ಸ್ ಸರಿಯೋ ಗೊತ್ತಾದ ಮೇಲೆ ಎಂಬಿಎ ಮಾಡಿದವರಿಗೆ ಪಾಠ ಬೇಗ ತಲೆಗೆ ಹತ್ತುತ್ತೆ.

ಸೇರೋ ಮೊದಲು ಇಷ್ಟು ಕೇಳಿ

1. ಕಾಲೇಜಿಗೆ ಯಾವ ವಿಶ್ವವಿದ್ಯಾಲಯದ ಸಂಯೋಜನೆ? ಬಿಬಿಎಗೆ ಎಐಸಿಟಿಇ ಅನುಮೋದನೆ ಇದೆಯಾ? ಬಾಯಿಮಾತು ಬೇಡ, ಪತ್ರ ತೋರಿಸಲಿ.

2. ಕೋರ್ಸಿನ ಹೆಸರಿನ ಜೊತೆ ಏವಿಯೇಷನ್, ಲಾಜಿಸ್ಟಿಕ್ಸ್ ಅಂತ ಬಾಲ ಇದ್ದರೆ, ಅದಕ್ಕೆ ಹೆಚ್ಚಿಗೆ ಎಷ್ಟು ಫೀಸು? ಮಾರ್ಕ್ಸ್ ಕಾರ್ಡಿನಲ್ಲಿ ಆ ಹೆಸರು ಬರುತ್ತಾ, ಅಥವಾ ಬೇರೆ ಸರ್ಟಿಫಿಕೇಟಾ?

3. ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ವಾರ? ಕಳೆದ ವರ್ಷದ ಮಕ್ಕಳು ಎಲ್ಲಿಗೆ ಹೋಗಿದ್ರು? "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ ಕೆಲಸ ಯಾವುದು, ಸಂಬಳ ಎಷ್ಟು ಅಂತ ಅಲ್ಲೇ ಕೇಳಿ. ಸಾಧ್ಯವಾದರೆ ಅಲ್ಲಿ ಓದಿ ಮುಗಿಸಿದ ಇಬ್ಬರನ್ನ ಮಾತಾಡಿಸಿ.

4. ಪೂರ್ತಿ ಮೂರು ವರ್ಷದ ಖರ್ಚು ಎಷ್ಟು? ಮೊದಲ ವರ್ಷದ ಫೀಸು ಮಾತ್ರ ಹೇಳಿದರೆ ಸಾಲದು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಈಗಲೇ ಮಾಡಿಟ್ಟುಕೊಳ್ಳಿ. ಕೊನೇ ದಿನ ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲೋದು ಬೇಡ.

5. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೇ ಬಿಬಿಎ ಇದೆಯಾ ಅಂತ ಮೊದಲು ವಿಚಾರಿಸಿ. ಉಳಿದ ಹಣದಲ್ಲಿ ಒಂದು ಲ್ಯಾಪ್‌ಟಾಪು, ಟ್ಯಾಲಿ ಕೋರ್ಸು ಎರಡೂ ಆಗಬಹುದು.

ಕೊನೆಯದಾಗಿ ಅಂಗಡಿ ಇಟ್ಟಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗಳೋ ಮಗನೋ ಬಿಬಿಎ ಸೇರಿದರೆ "ನೀನು ಓದ್ಕೋ, ಅಂಗಡಿ ಕಡೆ ಬರಬೇಡ" ಅನ್ನಬೇಡಿ. ವಾರಕ್ಕೊಂದು ದಿನ ಗಲ್ಲಾದಲ್ಲಿ ಕೂರಿಸಿ. ಉದ್ರಿ ಪುಸ್ತಕ ಕೈಗೆ ಕೊಡಿ. ಯಾವ ಸರಕು ತಿಂಗಳುಗಟ್ಟಲೆ ಧೂಳು ಹಿಡೀತಿದೆ ಅಂತ ಪಟ್ಟಿ ಮಾಡಿಸಿ. ದೊಡ್ಡ ಊರಿನ ಮಕ್ಕಳು ಇಂಟರ್ನ್‌ಶಿಪ್ಪಿಗೆ ಅಲೆಯುತ್ತಾರೆ, ನಿಮ್ಮ ಮಕ್ಕಳಿಗೆ ಅದು ಮನೆ ಮುಂದೇ ಇದೆ. ಮೂರು ವರ್ಷ ಆದ ಮೇಲೆ ಅವರು ಬ್ಯಾಂಕಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಅಂಗಡಿಯಲ್ಲೇ ಉಳಿಯಲಿ, ಆ ಉದ್ರಿ ಪುಸ್ತಕ ಕಲಿಸಿದ್ದು ಎಲ್ಲಿಗೂ ಜೊತೆಗೆ ಬರುತ್ತೆ.